ಎತ್ತಿಕೊಂಡು ಹೋಗಬಹುದಾದ, ಆದರೆ ಎತ್ತಬಾರದ ಯಂತ್ರದ ಬಗ್ಗೆ

ಅನಿಲ ಸರಬರಾಜು ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಹಳೆಯ ವಾಲ್ವ್‌ಗಳನ್ನು ತಿರುಗಿಸಲೆಂದೇ ತಾವು ತರಿಸಿದ ಯಂತ್ರವನ್ನು ವಾಲ್ವ್ ಇರುವ ಕಡೆಗೆ ಒಯ್ಯಬಾರದೆಂಬ ತಮ್ಮ ನಿಯಮದ ವಿರುದ್ಧ ಈ ಪತ್ರ ಬರೆಯುತ್ತಿದ್ದೇನೆ. ಅದರ ಪೆಟ್ಟಿಗೆಯ ಮೇಲೆ ‘ಸಂಚಾರಿ’ ಎಂದು ದಪ್ಪಕ್ಷರದಲ್ಲಿ ಬರೆದಿದೆಯಂತೆ. ಎರಡು ಹಿಡಿಕೆ, ಎರಡು ಗಾಲಿ, ಒಂದು ಬ್ಯಾಟರಿಯೂ ಇವೆ. ಕಳೆದ ತಿಂಗಳವರೆಗಿನ ಒಂದೂವರೆ ವರ್ಷದಲ್ಲಿ ಅದು ಮಾಡಿದ್ದ ಸಂಚಾರವೆಂದರೆ, ಗೋಡೆಗೆ ಸುಣ್ಣ ಹೊಡೆಯುವಾಗ ಕಿಟಕಿಯ ಬಳಿಯಿಂದ ಬಾಗಿಲ ಬಳಿಗೆ.

ನಾನು ದರ್ಜಿ. ನನ್ನ ಯಜಮಾನರು ತಮ್ಮ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ವಾಲ್ವ್ ತಿರುಗಿಸುತ್ತಿದ್ದಾರೆ. ಅವರ ಬಲಗೈ ತೋಳಿಗೆ ಎಡಗೈಗಿಂತ ಒಂದೂವರೆ ಇಂಚು ಹೆಚ್ಚು ಸುತ್ತಳತೆ ಇಟ್ಟು ಅಂಗಿ ಹೊಲಿಯುತ್ತೇನೆ. ಅವರು ಮುಚ್ಚಿದ ನಲ್ಲಿಯನ್ನು ಮನೆಯಲ್ಲಿ ಬೇರೆ ಯಾರೂ ತೆರೆಯಲಾರರು. ಅತ್ತೆಯವರು ಸ್ನಾನಕ್ಕೆ ಹೋಗುವ ಮುಂಚೆ ಮಗನನ್ನು ಎಬ್ಬಿಸುತ್ತಾರೆ. ಇದನ್ನೆಲ್ಲ ನಾವು ಸಹಿಸಿಕೊಂಡಿದ್ದೆವು. ಕಳೆದ ತಿಂಗಳ ಒಂದು ಮಂಗಳವಾರ ನಡೆದದ್ದನ್ನು ಸಹಿಸಲು ಮಾತ್ರ ಆಗುತ್ತಿಲ್ಲ.

ಅಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬೇಕರಿಯ ಮುಂದೆ ಚರಂಡಿ ಅಗೆಯುತ್ತಿದ್ದ ಯಂತ್ರದ ಹಲ್ಲು ಗ್ಯಾಸ್ ಕೊಳವೆಗೆ ತಾಗಿತು. ಬುಸ್ಸೆನ್ನುವ ಸದ್ದು ಎರಡು ಬೀದಿ ಆಚೆಯ ನನ್ನ ಅಂಗಡಿಗೂ ಕೇಳಿಸಿತು. ಆ ಕೊಳವೆಯ ವಾಲ್ವ್ ಇರುವುದು ನನ್ನ ಅಂಗಡಿಯ ಎದುರಿನ ಗುಂಡಿಯಲ್ಲಿ. ಯಜಮಾನರು ಒಬ್ಬ ಜೊತೆಗಾರರೊಂದಿಗೆ ಗಾಡಿಯಲ್ಲಿ ಬಂದರು. ಜೊತೆಗಾರರು ಬೇಕರಿಯ ಒಲೆ ಆರಿಸಿ ಬೀದಿ ಖಾಲಿ ಮಾಡಿಸಲು ಓಡಿದರು. ಯಜಮಾನರು ಗುಂಡಿಯ ಮುಚ್ಚಳ ತೆಗೆದು ತಮ್ಮ ಉಗ್ರಾಣಕ್ಕೆ ಫೋನ್ ಮಾಡಿದರು.

“ಯಂತ್ರ ಇದೆ, ಚೆನ್ನಾಗಿದೆ, ದಿನಾ ಒರೆಸ್ತೀವಿ” ಎಂದರು ಉಗ್ರಾಣದವರು. “ಆದ್ರೆ ಹೊರಗೆ ಕಳಿಸೋಕೆ ಸುರಕ್ಷತಾ ಅಧಿಕಾರಿ ಸಹಿ ಬೇಕು.”

“ಅವರೆಲ್ಲಿ?”

“ಸುರಕ್ಷತಾ ತರಬೇತಿಗೆ ಹೋಗಿದಾರೆ. ಗುರುವಾರ ಬರ್ತಾರೆ.”

ಗ್ಯಾಸಿಗೆ ಗುರುವಾರದವರೆಗೆ ಕಾಯುವ ವ್ಯವಧಾನವಿರಲಿಲ್ಲ. ಯಜಮಾನರು ವಾಲ್ವಿನ ಹಿಡಿಕೆಗೆ ಉದ್ದನೆಯ ಕಬ್ಬಿಣದ ಕೊಳವೆ ಸಿಕ್ಕಿಸಿ ಕೈಯಲ್ಲೇ ತಿರುಗಿಸಲು ಶುರು ಮಾಡಿದರು. ಆ ವಾಲ್ವ್ ಪೂರ್ತಿ ಮುಚ್ಚಲು ಮುನ್ನೂರ ಇಪ್ಪತ್ತು ಸುತ್ತು ಬೇಕು. ಅದನ್ನು ಕೂರಿಸಿ ನಲವತ್ತು ವರ್ಷವಾಗಿದೆ. ತುಕ್ಕು ಎಷ್ಟು, ಕಬ್ಬಿಣ ಎಷ್ಟು ಎಂದು ಅದಕ್ಕೇ ಗೊತ್ತಿಲ್ಲ. ಎಪ್ಪತ್ತನೇ ಸುತ್ತಿಗೆ ಯಜಮಾನರ ಬೆನ್ನು ಹಿಡಿದುಕೊಂಡಿತು. ಬಗ್ಗಿದವರು ಬಗ್ಗಿದ ಹಾಗೆಯೇ ನಿಂತರು. ನಾನೂ ಪಕ್ಕದ ಸೈಕಲ್ ರಿಪೇರಿ ಅಂಗಡಿಯ ಅಣ್ಣನೂ ಅವರನ್ನು ಆ ಭಂಗಿಯಲ್ಲೇ ಹೊತ್ತೊಯ್ದು ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದೆವು. ಆಮೇಲೆ ಹಿಡಿಕೆ ಹಿಡಿದದ್ದು ನಾವಿಬ್ಬರು.

“ಬಿಗಿ ಅನ್ನಿಸಿದ್ರೆ ಜಗ್ಗಬೇಡಿ,” ಮೇಜಿನ ಮೇಲಿಂದ ಅವರು ಹೇಳಿಕೊಡುತ್ತಿದ್ದರು. “ಅರ್ಧ ಸುತ್ತು ವಾಪಸ್ ಬನ್ನಿ, ಮತ್ತೆ ಮುಂದೆ ಹೋಗಿ. ಒಳಗಿನ ಕಂಬಿ ಮುರಿದ್ರೆ ದೇವರೂ ಮುಚ್ಚೋಕಾಗಲ್ಲ.”

ಎಣಿಸುವ ಕೆಲಸ ಅತ್ತೆಯವರದು. ಗುಂಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು.

“ಎಷ್ಟಾಯ್ತಮ್ಮ?” ಯಜಮಾನರು ಮೇಜಿನಿಂದಲೇ ಕೇಳಿದರು.

“ನೂರಾ ನಲವತ್ತು. ಇರು, ನೋಡೋಕೆ ಬಂದ ಆ ಹೆಂಗಸಿಗೆ ಹಿಂದೆ ಸರಿ ಅಂದೆನಲ್ಲ, ಅದು ನೂರಾ ಮೂವತ್ತರಲ್ಲೋ ಆಮೇಲೋ?”

“ಅತ್ತೆ, ಸುಮ್ನೆ ಎಣಿಸಿ.”

“ವಾಪಸ್ ಬಂದಿದ್ದನ್ನ ಕಳೀಬೇಕಾ, ಬಿಡಬೇಕಾ? ಅದನ್ನ ಮೊದಲೇ ಹೇಳ್ಬೇಕಿತ್ತು ನೀನು.”

ನಗು ಬಂದಿತ್ತು, ಆದರೆ ಹಿಡಿಕೆ ಬಿಡುವ ಹಾಗಿರಲಿಲ್ಲ. ಒಂದು ಗಂಟೆ ಇಪ್ಪತ್ತು ನಿಮಿಷವಾದ ಮೇಲೆ ಬುಸ್ಸೆನ್ನುವ ಸದ್ದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಗಾಳಿ ಬಯಲಿನ ಕಡೆಗೆ ಬೀಸುತ್ತಿತ್ತು, ಅಷ್ಟೇ. ಬೇಕರಿಯವರು ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತವರು ಬಹಳ ಹೊತ್ತು ಏಳಲಿಲ್ಲ.

ಅರ್ಧ ಗಂಟೆಯ ನಂತರ ತಮ್ಮ ಯಂತ್ರ ಬಂತು. ಸಹಿ ಹೇಗೆ ಸಿಕ್ಕಿತೋ ಕಾಣೆ, ಛಾಯಾಗ್ರಾಹಕರಂತೂ ಸಿಕ್ಕಿದ್ದರು. ಯಂತ್ರವು ವಾಲ್ವ್ ಮುಚ್ಚುವ ಚಿತ್ರ ಬೇಕು, ಆದ್ದರಿಂದ ವಾಲ್ವನ್ನು ಕೊಂಚ ತೆರೆಯಬಹುದೇ ಎಂದು ತಮ್ಮ ಸಹಾಯಕರು ವಿನಯದಿಂದ ಕೇಳಿದರು. ಅತ್ತೆಯವರು ಎದ್ದು, ಗುಂಡಿಯ ಮುಚ್ಚಳ ಎಳೆಸಿ, ಅದರ ಮೇಲೆ ಕುರ್ಚಿ ಹಾಕಿ ಕೂತರು. “ನನ್ನ ಫೋಟೊ ತೆಗೀರಿ” ಎಂದರು. ತೆಗೆದರು. ಪತ್ರಿಕೆಯಲ್ಲಿ ‘ನೂತನ ಯಂತ್ರವನ್ನು ವೀಕ್ಷಿಸುತ್ತಿರುವ ಹಿರಿಯ ನಾಗರಿಕರು’ ಎಂದು ಬಂದಿದೆ.

ಅದಾದ ಮೇಲೆ ಬಂದದ್ದು ನೋಟೀಸು. ‘ಹೊರಗಿನ ವ್ಯಕ್ತಿಗಳಿಂದ ಕಚೇರಿಯ ಸ್ವತ್ತನ್ನು ತಿರುಗಿಸಿರುವುದಕ್ಕೆ’ ಯಜಮಾನರು ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕಂತೆ. ತಿರುಗಿಸದೆ ಬಿಟ್ಟಿದ್ದರೆ ಸಮಜಾಯಿಷಿ ಯಾರು ಯಾರಿಗೆ ಕೊಡುತ್ತಿದ್ದರು, ಮಾನ್ಯರೇ? ತಮ್ಮ ನಿಯಮಪುಸ್ತಕದಲ್ಲಿ ಅದಕ್ಕೂ ಒಂದು ನಮೂನೆ ಇದೆಯೇ?

ಮೊನ್ನೆ ಯಜಮಾನರು ಹಾಸಿಗೆಯಲ್ಲೇ ಆ ಯಂತ್ರದ ಕೈಪಿಡಿ ಓದಿದರು. ಬಿಗಿಯಾದಾಗ ಅದು ತಾನೇ ಹಿಂದೆ ಸರಿದು ಮತ್ತೆ ಮುಂದೆ ಹೋಗುತ್ತದಂತೆ, ಸುತ್ತನ್ನು ತಾನೇ ಎಣಿಸುತ್ತದಂತೆ, ಹದಿನೈದು ನಿಮಿಷದಲ್ಲಿ ಕೆಲಸ ಮುಗಿಸುತ್ತದಂತೆ. ಅವರು ಪುಸ್ತಕ ಮುಚ್ಚಿ, “ನನಗಿಂತ ಚೆನ್ನಾಗಿ ಮಾಡುತ್ತೆ ಕಣೇ” ಎಂದರು. ಇಪ್ಪತ್ತಾರು ವರ್ಷ ತೋಳು ಸವೆಸಿದವರ ಬಾಯಲ್ಲಿ ಅದನ್ನು ಕೇಳಿ ನನಗೆ ಸಂಕಟವಾಯಿತು. ಅವರಿಗೆ ಮಾತ್ರ ಹೊಟ್ಟೆಕಿಚ್ಚಿರಲಿಲ್ಲ. ಅದನ್ನು ಒಮ್ಮೆ ಓಡಿಸಿ ನೋಡುವ ಆಸೆಯಿತ್ತು.

ಆದ್ದರಿಂದ ನೋಟೀಸನ್ನು ಹಿಂದಕ್ಕೆ ಪಡೆಯಿರಿ. ಯಂತ್ರವನ್ನು ಉಗ್ರಾಣದಿಂದ ತೆಗೆದು ವಾಲ್ವ್‌ನವರ ಗಾಡಿಯಲ್ಲಿಡಿ. ಅದನ್ನು ನಡೆಸಲು ನನ್ನ ಯಜಮಾನರಿಗೆ ಕಲಿಸಿ. ಸೋಮವಾರ ಅವರು ಕೆಲಸಕ್ಕೆ ಬರುತ್ತಿದ್ದಾರೆ. ಅವರ ಪಟ್ಟಿಯಲ್ಲಿ ಇನ್ನೂ ನಲವತ್ತೊಂದು ಹಳೆಯ ವಾಲ್ವ್‌ಗಳಿವೆ. ಎಲ್ಲಕ್ಕಿಂತ ಹಳೆಯದು ತಮ್ಮ ಬಂಗಲೆಯ ಗೇಟಿನ ಎದುರಿಗೇ ಇದೆ. ತಮ್ಮ ಮನೆಯಲ್ಲಿ ಯಾರ ಬೆನ್ನು ಗಟ್ಟಿಯಿದೆಯೆಂದು ಈಗಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಇಂತಿ,
ತಮ್ಮ ನೋಟೀಸಿನಲ್ಲಿ ‘ಹೊರಗಿನ ವ್ಯಕ್ತಿ – ೧’ ಎಂದು ನಮೂದಾಗಿರುವ ಹೆಂಗಸು