ದರ್ಜಿ ಅಜ್ಜಿ ಓದದ ಅರ್ಧ

ಶುಕ್ರವಾರ, ಮಾರ್ಚ್ ೧೪

ಇದನ್ನು ಯಾರಿಗೂ ಹೇಳಿಲ್ಲ. ಆ ಕಾದಂಬರಿಯ ಕೊನೆಯನ್ನು ಕೂಟದ ದರ್ಜಿ ಅಜ್ಜಿಗೆ ಹೇಳಿದವಳು ನಾನೇ.

ನಮ್ಮ ಗ್ರಂಥಾಲಯದ ಓದುಗರ ಕೂಟದಲ್ಲಿ ಪುಸ್ತಕ ಸೂಚಿಸುವವರು ಅರ್ಧ ಕಥೆ ಮಾತ್ರ ಹೇಳಬೇಕು. ಅಜ್ಜಿ ಆ ಕಾದಂಬರಿಯನ್ನು ನನಗೆ ಸೂಚಿಸಿದಾಗ ಅವಳಿಗೆ ಗೊತ್ತಿದ್ದದ್ದೂ ಅಷ್ಟೇ. ಅರ್ಧ ಓದುವಷ್ಟರಲ್ಲಿ ಕಣ್ಣು ಹೋಗಿತ್ತಂತೆ. ಕಥೆಯಲ್ಲಿ ಮನೆ ಬಿಟ್ಟ ಮಗಳು ಕೊನೆಗೆ ತಾಯಿಯ ಹತ್ತಿರ ಮರಳುತ್ತಾಳೆಂದು ವರ್ಷಗಟ್ಟಲೆ ನಂಬಿಕೊಂಡಿದ್ದಳು. ಅವಳ ಸ್ವಂತ ಮಗಳೂ ಹಾಗೆ ಹೋದವಳೇ.

ಹೋದ ವಾರ ಕೇಳಿಯೇಬಿಟ್ಟಳು: "ಬಂದ್ಲೇನೇ ಅವಳು?"

"ಕೊನೇಲಿ ಏನಾಗುತ್ತೆ ಅಂದ್ರೆ..." ಎಂದು ಶುರು ಮಾಡಿದೆ.

"ಕಥೆ ಕಟ್ಬೇಡ ಕಣೇ. ಸುಳ್ಳು ನಿನ್ನ ಬಾಯಿಗೆ ಒಗ್ಗಲ್ಲ."

ಅರ್ಥವಾಗದ ಪಾಠವನ್ನು ಅರ್ಥವಾಯಿತು ಎನ್ನಲಾರದೆ ಶಾಲೆ ಬಿಟ್ಟವಳು ನಾನು. "ಬರಲಿಲ್ಲ ಅಜ್ಜಿ" ಅಂದೆ.

"ಹೂಂ, ಸರಿ ಬಿಡು" ಎಂದು ಕೋಲು ತಡಕಿಕೊಂಡು ಎದ್ದಳು. ಮೂರನೇ ದಿನ ತೀರಿಕೊಂಡಳು.

ವಯಸ್ಸಾಗಿತ್ತು ಅನ್ನುತ್ತಾರೆ ಎಲ್ಲರೂ. ಇರಬಹುದು. ಆದರೆ ದೀಪ ಆರಿಸಿದರೆ ಸಾಕು, ಅವಳು ಪಕ್ಕದಲ್ಲೇ ಕೂತು ಮತ್ತೆ ಅದನ್ನೇ ಕೇಳುತ್ತಾಳೆ. ಒಂದೇ ಒಂದು ಸುಳ್ಳು ಆಡಿದ್ದರೆ...

ಇವತ್ತು ಕೂಟ ಮುಗಿದ ಮೇಲೆ ಗ್ರಂಥಪಾಲಕರನ್ನು ಕೇಳಿದೆ, ಅಜ್ಜಿಯ ಮಗಳಿಗೆ ಸುದ್ದಿ ಮುಟ್ಟಿತಾ ಎಂದು.

"ಯಾರು ಮುಟ್ಟಿಸ್ತಾರಮ್ಮ? ಊರು ಗೊತ್ತಿದೆ, ಹೋಗೋರು ಬೇಕಲ್ಲ."

ಅಮ್ಮನಿಗೆ ಹೇಳಿದ್ದಾಯಿತು. ನಾಳೆ ಬೆಳಿಗ್ಗೆ ಆ ಊರಿಗೆ ಹೊರಡುತ್ತೇನೆ.