ಸಿಂಕಿನಲ್ಲಿ ಬಿಟ್ಟ ಪಾತ್ರೆ

ನೋಡಮ್ಮ, ಬೆಳಗಿನ ಜಾವ ಹೇಗೋ ನಿನಗೆ ಕಣ್ಣು ಹತ್ತಿದೆ, ಅದಕ್ಕೇ ಎಬ್ಬಿಸದೆ ಹಲ್ಲಿನ ಡಾಕ್ಟರ ಹತ್ತಿರ ಹೊರಟಿದ್ದೇನೆ. ಸದ್ದಾಗುತ್ತದೆಂದು ಸಿಂಕಿನ ಪಾತ್ರೆ ಮುಟ್ಟಿಲ್ಲ. ನೀನೂ ಮುಟ್ಟಬೇಡ. ನನ್ನ ಮಗ ತೊಳೆಯಲಿ, ಅವನ ಕೈಯೇನೂ ಸವೆಯುವುದಿಲ್ಲ.

ಲ್ಯಾಬಿಗೆ ಅರ್ಧ ದಿನ ರಜೆ ಹಾಕು. ಫ್ರಿಜ್ ಮೇಲಿದ್ದ ನಿದ್ದೆಯ ಔಷಧಿ ಡಬ್ಬಿ ಮೂರನ್ನೂ ನಿನ್ನ ಬ್ಯಾಗಿಗೆ ಹಾಕಿದ್ದೇನೆ: ಗೆಳತಿ ಕೊಟ್ಟ ಮಾತ್ರೆ, ಫೋನಿನಲ್ಲಿ ಜಾಹೀರಾತು ನೋಡಿ ತರಿಸಿದ್ದು, ಮತ್ತೆ ಆ ಬೇರಿನ ಪುಡಿ. ಹನ್ನೊಂದಕ್ಕೆ ಲೇಡಿ ಡಾಕ್ಟರಿಗೆ ತೋರಿಸು. ಅವರು ಹೇಳುವವರೆಗೆ ಒಂದನ್ನೂ ನುಂಗಬೇಡ. ಮುಟ್ಟು ಏರುಪೇರಾಗಿರುವುದು, ರಾತ್ರಿ ಮೈಯೆಲ್ಲ ಬೆವರುವುದು, ಎಲ್ಲ ಹೇಳು. "ವಯಸ್ಸಾಯ್ತು, ಸಹಿಸ್ಕೊಳ್ಳಿ" ಅಂದರೆ ಕುರ್ಚಿ ಬಿಟ್ಟು ಏಳಬೇಡ.

ನಿನ್ನೆ ನೀನು ಉಪ್ಪು ಹಾಕಿದ ಚಹಾ ನಾನು ಕುಡಿದೇ ಮುಗಿಸಿದೆ. ಅದಕ್ಕೆ ಅಳುವುದೇನಿತ್ತು.

ನೀನು ಮದುವೆಯಾಗಿ ಬಂದ ಹೊಸದರಲ್ಲಿ ನಾನು ನಾಲ್ಕಕ್ಕೇ ಎದ್ದು ಪಾತ್ರೆ ಕುಕ್ಕುತ್ತಿದ್ದೆ, ನೆನಪಿದೆಯಾ? ಆಗ ನನಗೆ ಈಗಿನ ನಿನ್ನ ವಯಸ್ಸು, ರಾತ್ರಿಯಿಡೀ ನಿದ್ದೆ ಇರುತ್ತಿರಲಿಲ್ಲ. ಅದೆಲ್ಲ ನಿನ್ನ ಮೇಲಿನ ಸಿಟ್ಟು ಅಂತ ನೀನು ತಿಳಿದೆ. ಈ ತಿಂಗಳು ನಿನ್ನನ್ನು ನೋಡುವವರೆಗೆ ನಾನೂ ಹಾಗೇ ತಿಳಿದಿದ್ದೆ.

ಅತ್ತೆ