ಹನ್ನೆರಡು ಹಾಸಿಗೆಗಳ ಆಕ್ರಮಣ

ಕುಲ್ಗರಾ ಪುರಸಭೆಯ ಮೇಯರ್ ಸಾಹೇಬರೇ,

ಬೀಗ ಬಿದ್ದಿದ್ದ ಮೋಟೆಲ್ಲಿಗೆ ಬಂದ ಹನ್ನೆರಡು ಹಾಸಿಗೆಗಳಿಂದ ಇಡೀ ಆಸ್ಟ್ರೇಲಿಯಾವನ್ನು ಕಾಪಾಡಿದ ನಿಮಗೆ ಅಭಿನಂದನೆಗಳು. ನಿಮ್ಮ ಶೌರ್ಯದ ಫಲವಾಗಿ ನಮ್ಮ ವೃದ್ಧಾಶ್ರಮ ಮುಚ್ಚುತ್ತಿದೆ. ಅಲ್ಲಿರುವ ನನ್ನ ಗಂಡ ಕ್ಲೈವ್‌ನನ್ನು ಮೂರು ಗಂಟೆ ದಾರಿಯಾಚೆಯ ಊರಿಗೆ ಸಾಗಿಸುತ್ತಾರಂತೆ. ನನಗೋ ಕಾರು ಓಡಿಸುವಷ್ಟು ಕಣ್ಣಿಲ್ಲ.

ಆ ಹಾಸಿಗೆಗಳು ಫಿಜಿಯಿಂದ ಬರಬೇಕಿದ್ದ ದಾದಿಯರಿಗೆಂದು ನಿಮಗೆ ಚೆನ್ನಾಗಿ ಗೊತ್ತಿತ್ತು; ಅವರು ಆ ಮೋಟೆಲ್ಲಿನಲ್ಲಿ ಉಳಿಯಲು ಅನುಮತಿ ಕೊಟ್ಟವರೇ ನೀವು. ಆದರೆ ಪಬ್ಬಿನಲ್ಲಿ ಹನ್ನೆರಡು ಹಾಸಿಗೆ ಎರಡನೇ ಗ್ಲಾಸಿಗೆ ನೂರಿಪ್ಪತ್ತಾಗಿ, ಬಾಗಿಲು ಹಾಕುವ ಹೊತ್ತಿಗೆ ಸಾವಿರದಿನ್ನೂರಾದವು. ಮಾಂಸದಂಗಡಿಯ ರಸ್ ಟೆನಾಂಟ್ ನನ್ನನ್ನು ದಾರಿಯಲ್ಲೇ ತಡೆದ.

"ಡೆಲ್ಮಕ್ಕಾ, ನಿಂಗೊತ್ತಿಲ್ಲ. ಹೊರದೇಶದೋರನ್ನ ಕದ್ದುಮುಚ್ಚಿ ಬಸ್ಸಲ್ಲಿ ತಂದು ತುಂಬ್ತಾರೆ. ಮುಂದೆ ಓಟು ಹಾಕೋರು ಅವರೇ, ನಾವೇ ಪರದೇಶಿಗಳು!"

"ಅಲ್ವೋ, ಪೌರತ್ವ ಇಲ್ದೆ ಓಟು ಹೆಂಗೋ ಹಾಕ್ತಾರೆ?"

"ಅದೇ ಮತ್ತೆ! ಅದನ್ನೇ ಮುಚ್ಚಿಡ್ತಿರೋದು!"

ಇದಕ್ಕೆ ಮದ್ದುಂಟೆ? ಸಾಕ್ಷಿ ಸಿಕ್ಕರೆ ಸಂಚು, ಸಿಗದಿದ್ದರೆ ಇನ್ನೂ ದೊಡ್ಡ ಸಂಚು. ಹಿಂದೆ ಊರ ಸೇತುವೆ ಕುಸಿದಾಗ ನಿಮ್ಮ ಸಭೆಗೆ ಬಂದವರು ನಾನು, ಪಾದ್ರಿ ಮತ್ತು ಪಾದ್ರಿಯ ನಾಯಿ. ಈ ಸಲ ಹಾಸಿಗೆಗಳ ಸಭೆಗೆ ಕುರ್ಚಿ ಸಾಲದೆ ಜನ ಕಿಟಕಿಯ ಮೇಲೆ ಕೂತರು. ಸೇತುವೆ ಎಬ್ಬಿಸದ ಪೌರಪ್ರಜ್ಞೆಯನ್ನು ಒಂದು ಗಾಳಿಸುದ್ದಿ ಎಬ್ಬಿಸಿತು.

ಮತದಾನದ ದಿನ ಶಾಲೆಯಂಗಳದಲ್ಲಿ ಸಾಸೇಜು ಸುಟ್ಟು ಮಾರುವುದು ನಮ್ಮ ಪದ್ಧತಿ. ನಿಮ್ಮ ಚುನಾವಣೆಯಂದು ವೃದ್ಧಾಶ್ರಮದ ಸಹಾಯಾರ್ಥ ಬೆಂಕಿಯ ಮುಂದೆ ನಿಂತು ಈರುಳ್ಳಿ ಹುರಿದವಳು ಫಿಜಿಯ ವಸಿತಿ, ಕ್ಲೈವ್‌ಗೆ ಉಣಿಸುವ ದಾದಿ. ಪಕ್ಕದ ಮೇಜಿನಲ್ಲಿ ರಸ್‌ನ ಮನವಿ. "ಈರುಳ್ಳಿ ಇನ್ನೊಂಚೂರು ಹಾಕಮ್ಮಾ" ಎಂದು ಅವಳ ಕೈಯಿಂದಲೇ ಇಸಿದುಕೊಂಡು, ಬಾಯಿ ಚಪ್ಪರಿಸುತ್ತ, ಅವಳಂಥವರು ಬೇಡವೆಂದು ಜನ ಸಹಿ ಹಾಕಿದರು.

"ಹಂಗಾದ್ರೆ ವಸಿತಿ?" ಎಂದೆ.

"ಛೇ, ಅವಳು ನಮ್ಮೋಳು ಬಿಡು!" ಎಂದ ರಸ್.

ರಸ್ ನಂಬಿದ, ಪಾಪದವನು. ನೀವು ಒಂದು ಕ್ಷಣವೂ ನಂಬಲಿಲ್ಲ. ಆದರೂ ಗೆದ್ದ ಮರುವಾರವೇ ಅನುಮತಿ ಹಿಂತೆಗೆದುಕೊಂಡಿರಿ. ಅದಕ್ಕೇ ನಿಮ್ಮನ್ನು ನೆನೆದರೆ ಮೈ ಉರಿಯುತ್ತದೆ.

ಇರಲು ಜಾಗವಿಲ್ಲದೆ ದಾದಿಯರು ಬರಲಿಲ್ಲ. ವಸಿತಿ ಒಬ್ಬಳೇ ಎಷ್ಟು ಬಾಯಿಗೆ ಉಣಿಸಿಯಾಳು? ಈ ಭಾನುವಾರ ಅವಳೂ ಹೊರಡುತ್ತಿದ್ದಾಳೆ. ನಿನ್ನೆ ವೃದ್ಧಾಶ್ರಮದ ಬಾಗಿಲಲ್ಲಿ ರಸ್ ಸಿಕ್ಕ. ಅವನ ತಾಯಿ ಇರುವುದು ಕ್ಲೈವ್‌ನ ಪಕ್ಕದ ಕೋಣೆಯಲ್ಲಿ. "ಡೆಲ್ಮಕ್ಕಾ, ಅಮ್ಮನ್ನ ಇನ್ಯಾರು ನೋಡ್ಕೋತಾರೆ?" ಎಂದ. ಆ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ.

ಅನುಮತಿ ಮರಳಿ ಕೊಡಿ. ಆಗದಿದ್ದರೆ ಸೋಮವಾರ ಬೆಳಿಗ್ಗೆ ನೀವೇ ಬಂದು ಕ್ಲೈವ್‌ಗೆ ಗಂಜಿ ಉಣಿಸಿ. ವಸಿತಿ ಹಾಡದೆ ಅವನು ಬಾಯಿ ತೆರೆಯುವುದಿಲ್ಲ. ನಿಮಗೆ ಹಾಡಲು ಬರುತ್ತದೆಯೇ?

ಇಂತಿ,
ಆ ದಿನ ಸಾಸೇಜು ತಿಂದು ನಿಮಗೇ ಮತ ಹಾಕಿದ ಪೆದ್ದಿ,
ಡೆಲ್ಮಾ ಕ್ರಾಡಾಕ್